ಗೋಡೆಯೊಳಗಿನ ನೀರು

ಮನೆ ಕಟ್ಟುವವರ ಕಷ್ಟವನ್ನು ಕುರಿತು ನಮ್ಮಲ್ಲಿ ಗಾದೆಯೇ ಇದೆ. ಕಟ್ಟಿದ ಮನೆಯನ್ನು ಒಡೆದು ಸರಿಪಡಿಸುವವರ ಕಷ್ಟವನ್ನು ಕುರಿತ ಗಾದೆಯನ್ನು ಮಾತ್ರ ನಾನು ಕೇಳಿಲ್ಲ. ಗಾದೆ ಮಾಡಿದ ಹಿರಿಯರು ಮಣ್ಣಿನ ಗೋಡೆಗಳ ಮನೆಯಲ್ಲಿ ಬಾಳಿದವರು. ಅವರ ಗೋಡೆಯೊಳಗೆ ಮಣ್ಣಲ್ಲದೆ ಬೇರೇನೂ ಇರಲಿಲ್ಲ. ನೀರು ಬಾವಿಯಲ್ಲಿತ್ತು, ಕೊಡದಲ್ಲಿತ್ತು, ಹಂಡೆಯಲ್ಲಿತ್ತು. ಎಲ್ಲವೂ ಕಣ್ಣಿಗೆ ಕಾಣುವ ಕಡೆಯೇ. ನೀರನ್ನು ಗೋಡೆಯೊಳಗೆ ಬಚ್ಚಿಡುವ ವಿದ್ಯೆ ನಮ್ಮ ಮನೆಗೆ ಬಂದದ್ದು ನನ್ನ ಹದಿಮೂರನೆಯ ವಯಸ್ಸಿನಲ್ಲಿ. ಆ ವಿದ್ಯೆಯ ಫಲವನ್ನು ೨೦೨೩ನೆಯ ಇಸವಿಯ ಆಗಸ್ಟ್ ತಿಂಗಳಿಂದ ದೀಪಾವಳಿಯವರೆಗೆ, ನನ್ನ ಅರವತ್ತೆರಡನೆಯ ವಯಸ್ಸಿನಲ್ಲಿ, ಸಾವಕಾಶವಾಗಿ ಅನುಭವಿಸಿದೆ.

ನಮ್ಮದು ನೆಲಮಂಗಲ. ಬೆಂಗಳೂರಿನಿಂದ ಬಂದ ಹೆದ್ದಾರಿ ತುಮಕೂರಿಗೊಂದು, ಹಾಸನಕ್ಕೊಂದು ಎಂದು ಕವಲೊಡೆಯುವ ಊರು. ಹಾದುಹೋಗುವವರೆಲ್ಲರೂ ನೋಡಿರುತ್ತಾರೆ, ಇಳಿದವರು ಕಡಿಮೆ. ಹೆದ್ದಾರಿಯ ಗದ್ದಲ ಕೇಳಿಸಿಯೂ ಕೇಳಿಸದಷ್ಟು ಒಳಗಿನ ಬೀದಿಯೊಂದರಲ್ಲಿ ನಮ್ಮ ತಂದೆಯವರು ೧೯೬೨ರಲ್ಲಿ ಮನೆ ಕಟ್ಟಿಸಿದರು. ಅವರು ಗಣಿತದ ಮೇಷ್ಟರು. ಸಂಬಳ ಸಣ್ಣದು, ಸಂಸಾರ ದೊಡ್ಡದು. ಆದುದರಿಂದ ಮನೆಯ ಪ್ರತಿಯೊಂದು ಇಟ್ಟಿಗೆಯೂ ಲೆಕ್ಕದೊಳಗೇ ಇದ್ದಿತು. ಬಚ್ಚಲುಮನೆಯೊಂದರಲ್ಲಿ ಮಾತ್ರ ಅವರು ಸ್ವಲ್ಪ ಧಾರಾಳವಾಗಿದ್ದರೆಂದು ತೋರುತ್ತದೆ. ಎಂಟಡಿ ಉದ್ದ, ಆರಡಿ ಅಗಲ. ನೆಲಕ್ಕೆ ಕಲ್ಲಿನ ಚಪ್ಪಡಿ. ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಗಾರೆಯಲ್ಲಿ ಕೂರಿಸಿದ ತಾಮ್ರದ ಹಂಡೆ. ಹೊಗೆಗೊಂದು ಕಿಂಡಿ, ಬಚ್ಚಲ ನೀರಿಗೊಂದು ತೂಬು. ಆ ತೂಬಿನ ಆಚೆ ನಾಲ್ಕು ಬಾಳೆ, ಒಂದು ಸಾಲು ಕೆಸುವಿನ ಗಿಡ. ನಾವು ಐವರು ಮಕ್ಕಳು ಮಿಂದ ನೀರಿನಿಂದ ಬೆಳೆದ ಬಾಳೆಯ ಗೊನೆಗಳನ್ನು ನಾವೇ ತಿಂದೆವು.

ನೀರು ಹಿತ್ತಲಿನ ಸೇದುವ ಬಾವಿಯದು. ರಾಟೆಯ ಕಿರುಗುಟ್ಟುವಿಕೆಯೇ ನಮ್ಮ ಮನೆಯ ಬೆಳಗಿನ ಸುಪ್ರಭಾತ. ಇಲ್ಲಿ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಇದು ಬಚ್ಚಲಿಗೆ ಸಂಬಂಧಿಸಿದ್ದಲ್ಲವೆಂದು ಓದುಗರು ತಿಳಿಯಬಾರದು. ನಮ್ಮ ತಾಲ್ಲೂಕಿನ ಶಿವಗಂಗೆಯ ಬೆಟ್ಟದಲ್ಲಿ ಕುಮುದ್ವತಿ ಹುಟ್ಟುತ್ತಾಳೆ. ಹುಟ್ಟಿದವಳು ನಮ್ಮ ಹೊಲಗದ್ದೆಗಳ ನಡುವೆ ಹರಿದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡಿಕೊಳ್ಳುತ್ತಾಳೆ. ಅಲ್ಲಿ ಕಟ್ಟಿದ ಜಲಾಶಯದಿಂದ ೧೯೩೩ರಿಂದಾಚೆಗೆ ಬೆಂಗಳೂರಿಗೆ ನೀರು ಹೋಯಿತು. ಅದಕ್ಕೂ ನಲವತ್ತು ವರ್ಷ ಮುಂಚೆ, ೧೮೯೦ರ ದಶಕದಲ್ಲಿ, ನಮ್ಮ ನೆರೆಯ ಹೆಸರಘಟ್ಟದ ಕೆರೆಯ ನೀರೂ ಅದೇ ಬೆಂಗಳೂರಿಗೆ ಹೋಗಿತ್ತು. ಅಂದರೆ ರಾಜಧಾನಿಯ ಜನ ನಲ್ಲಿ ತಿರುಗಿಸಿ ನಮ್ಮ ಸೀಮೆಯ ನೀರನ್ನು ಹಿಡಿದುಕೊಳ್ಳುತ್ತಿದ್ದ ಕಾಲದಲ್ಲಿ ನಾವು ಹಗ್ಗ ಹಿಡಿದು ಪಾತಾಳದಿಂದ ಸೇದುತ್ತಿದ್ದೆವು. ತಂದೆಯವರಿಗೆ ಇದು ಅಸಮಾಧಾನದ ವಿಷಯವಾಗಿತ್ತು. ‘ಬೆಂಗಳೂರಿನವರಿಗೆ ಒಂದು ದಿನ ರಾಟೆ ಎಳೆಯಲು ಹೇಳಬೇಕು’ ಎನ್ನುತ್ತಿದ್ದರು. ಕಡೆಗೆ ೧೯೭೪ರಲ್ಲಿ, ಬೆಂಗಳೂರಿಗೆ ಕಾವೇರಿ ಬಂದ ವರ್ಷವೇ, ಅವರು ಬಾವಿಗೊಂದು ವಿದ್ಯುತ್ ಪಂಪನ್ನೂ ತಾರಸಿಯ ಮೇಲೊಂದು ತೊಟ್ಟಿಯನ್ನೂ ಕೂರಿಸಿ ಮನೆಗೆ ಕೊಳಾಯಿ ಹಾಕಿಸಿದರು.

ಆ ಕೆಲಸ ನನಗೆ ಚೆನ್ನಾಗಿ ನೆನಪಿದೆ. ಬೆಂಗಳೂರಿನಿಂದ ಒಬ್ಬ ಮುದುಕರು ಬಂದಿದ್ದರು. ಇಪ್ಪತ್ತು ಅಡಿಯ ಸತುವಿನ ಲೇಪದ ಕಬ್ಬಿಣದ ಕೊಳವೆಗಳು ಲಾರಿಯಲ್ಲಿ ಬಂದು ಬೀದಿಯುದ್ದಕ್ಕೂ ಮಲಗಿದವು. ಮುದುಕರು ಕೊಳವೆಯನ್ನು ಇಕ್ಕುಳದಲ್ಲಿ ಬಿಗಿದು, ಅಚ್ಚು ತಿರುಗಿಸಿ ತಿರುಗಿಸಿ, ಅದರ ತುದಿಗೆ ಮರೆಗಳನ್ನು ಕೊರೆಯುತ್ತಿದ್ದರು; ನಾನು ಎಣ್ಣೆ ಹನಿಸುತ್ತಿದ್ದೆ. ಕೊರೆದ ಮರೆಗೆ ಸೆಣಬಿನ ನಾರು ಸುತ್ತಿ, ಬಿಳಿಯ ಸಫೇದ ಬಳಿದು, ಉದ್ದನೆಯ ಪಾನದಿಂದ ಬಿಗಿಯುತ್ತಿದ್ದರು. ‘ನಿಮ್ಮ ಮೊಮ್ಮಕ್ಕಳ ಕಾಲದ ತನಕ ನೋಡಬೇಕಾಗಿಲ್ಲ’ ಎಂದು ಹೊರಡುವಾಗ ತಂದೆಯವರಿಗೆ ಹೇಳಿದರು. ಲೆಕ್ಕ ಹಾಕಿದರೆ ಮಾತು ಹೆಚ್ಚುಕಡಿಮೆ ನಿಂತಿತೆಂದೇ ಹೇಳಬೇಕು. ಗೋಡೆಗೆ ಗಾರೆ ಮೆತ್ತಿ ಸುಣ್ಣ ಬಳಿದ ಮೇಲೆ ಕೊಳವೆಗಳು ಕಣ್ಣಿನಿಂದ ಮಾಯವಾದವು. ಮರುವರ್ಷಕ್ಕೆ ಮನಸ್ಸಿನಿಂದಲೂ ಮಾಯವಾದವು.

ಐವತ್ತು ವರ್ಷಕ್ಕೆ ಒಂದು ಕಡಮೆಯಿರುವಾಗ ಮೂರು ತೊಂದರೆಗಳು ಒಟ್ಟಿಗೆ ಬಂದವು. ಬಚ್ಚಲ ನಲ್ಲಿಯ ಧಾರೆ ದಿನೇ ದಿನೇ ಸಣ್ಣಗಾಗಿ ಒಂದು ಬಕೀಟು ತುಂಬಲು ಕಾಲು ಗಂಟೆ ಹಿಡಿಯತೊಡಗಿತು. ಬಚ್ಚಲಿನ ಬೆನ್ನಿಗಿರುವ ಉಗ್ರಾಣದ ಗೋಡೆಯಲ್ಲಿ ತೇವದ ಕಲೆಯೊಂದು ಮೂಡಿ, ಅಕ್ಕಿಯ ಮೂಟೆಯ ಬಳಿಗೆ ಹಬ್ಬಿತು. ಇವೆರಡನ್ನೂ ನಾವು ಸಹಿಸಿಕೊಂಡಿದ್ದೆವು. ನಮ್ಮ ಜನಕ್ಕೆ ಸಹನೆ ಹೆಚ್ಚು. ಮೂರನೆಯದು ಮಾತ್ರ ಸಹಿಸುವಂಥದಾಗಿರಲಿಲ್ಲ. ಎಂಬತ್ತಾರು ವರ್ಷದ ನಮ್ಮ ತಾಯಿಯವರು ನುಣುಪಾದ ಆ ಚಪ್ಪಡಿಯ ಮೇಲೆ ಜಾರಿದರು. ಮೂಳೆ ಮುರಿಯಲಿಲ್ಲ, ಆದರೆ ಆ ದಿನದಿಂದ ಅವರು ಸ್ನಾನಕ್ಕೆ ಹೋದಾಗಲೆಲ್ಲ ನಾವು ಬಾಗಿಲ ಹೊರಗೆ ಉಸಿರು ಹಿಡಿದು ನಿಲ್ಲುವಂತಾಯಿತು.

ಬಚ್ಚಲುಮನೆಯನ್ನು ಹೊಸದಾಗಿ ಮಾಡಿಸುವುದೆಂದು ತೀರ್ಮಾನವಾಯಿತು: ಜಾರದ ನೆಲ, ಗೋಡೆಗೆ ಹಿಡಿಕಂಬಿ, ಕುಳಿತು ಮೀಯಲು ಕಟ್ಟೆ, ಎಲ್ಲಕ್ಕೂ ಮೊದಲು ಹೊಸ ಕೊಳವೆಗಳು. ತಾಯಿಯವರು ಎಲ್ಲವನ್ನೂ ಒಪ್ಪಿ, ‘ಹಂಡೆ ಮಾತ್ರ ಅಲ್ಲೇ ಇರಲಿ’ ಎಂದರು.

ಹಂಡೆಗೆ ಒಲೆ ಉರಿಸಿ ಮೂವತ್ತೈದು ವರ್ಷವಾಗಿತ್ತು. ೧೯೮೭ರಲ್ಲಿ ಬಾವಿ ಬತ್ತಿದಾಗ ಕೊಳವೆಬಾವಿ ಕೊರೆಸಿದೆವು. ಮರುವರ್ಷ ವಿದ್ಯುತ್ತಿನಿಂದ ನೀರು ಕಾಯಿಸುವ ಗೀಸರ್ ಬಂದಿತು. ಹಂಡೆ ನಿವೃತ್ತಿ ಹೊಂದಿತು. ಆದರೂ ವರ್ಷಕ್ಕೊಂದು ದಿನ ಅದಕ್ಕೆ ಅಧಿಕಾರ ಮರಳುತ್ತಿತ್ತು. ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದಂದು, ತಾಯಿಯವರು ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಎಳೆದು, ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುತ್ತಿದ್ದರು. ಗುಜರಿಯವನು ಬಂದು ಹಂಡೆಯನ್ನು ಎತ್ತಿ ನೋಡಿ ‘ಹದಿನೆಂಟು ಕಿಲೋ ತೂಗುತ್ತೆ ಸ್ವಾಮಿ’ ಎಂದಾಗ ತಾಯಿಯವರು ಅವನನ್ನು ನೋಡಿದ ನೋಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ.

ಕೊಳಾಯಿಯ ಕೆಲಸಕ್ಕೆ ಬಂದವರು ಮೂವತ್ತು ವರ್ಷದೊಳಗಿನ ತರುಣರು. ಬಂದವರೇ ಕೇಳಿದ ಮೊದಲ ಪ್ರಶ್ನೆ: ‘ಲೈನು ಎಲ್ಲಿ ಹೋಗಿದೆ?’ ನಾನು ತಲೆ ಕೆರೆದುಕೊಂಡೆ. ತೊಟ್ಟಿಯಿಂದಿಳಿದ ಕೊಳವೆ ಈಶಾನ್ಯದ ಮೂಲೆಯಲ್ಲಿ ಆರೂವರೆ ಅಡಿ ಎತ್ತರಕ್ಕೆ ಗೋಡೆಯನ್ನು ಹೊಗುವುದು ಕಾಣುತ್ತಿತ್ತು. ನಲ್ಲಿ ಅಲ್ಲಿಂದ ಆರಡಿ ಆಚೆಗೆ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿತ್ತು. ನಡುವೆ ಏನು ನಡೆದಿದೆಯೆಂಬುದು ಗೋಡೆಗೆ ಗೊತ್ತು. ‘ನೇರವಾಗಿ ಕೆಳಗಿಳಿದು ಆಮೇಲೆ ಅಡ್ಡ ಹೋಗಿರಬೇಕು’ ಎಂದರು ತರುಣರು. ಎಲ್ಲರೂ ಹಾಗೆಯೇ ಮಾಡುವುದು. ಮೂಲೆಯಲ್ಲಿ ಒಡೆದರು, ಕೊಳವೆಯಿಲ್ಲ. ‘ಹಾಗಾದರೆ ಮೇಲೆಯೇ ಅಡ್ಡ ಹೋಗಿ ಆಮೇಲೆ ಇಳಿದಿರಬೇಕು’ ಎಂದು ಅಲ್ಲಿಯೂ ಒಡೆದರು, ಇಲ್ಲ. ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ತಟ್ಟುತ್ತ ಕಿವಿಯಿಟ್ಟು ಆಲಿಸಿದರು, ವೈದ್ಯರು ಎದೆಯನ್ನು ಪರೀಕ್ಷಿಸುವಂತೆ. ಸಂಜೆಯ ಹೊತ್ತಿಗೆ ಗೋಡೆಯಲ್ಲಿ ಆರು ತೂತುಗಳಾಗಿದ್ದವು.

ಆರನೆಯ ತೂತಿನೊಳಗೆ ‘ಕೈಹಾಕಿ ನೋಡಿ, ತಂಪಾಗಿದೆ’ ಎಂದರು. ನಾನು ಕೈಯಿಟ್ಟೆ. ಇಟ್ಟಿಗೆಯ ಸಂದಿನಲ್ಲಿ ಬೆರಳುಗಳಿಗೆ ಒದ್ದೆ ತಗಲಿತು. ನಮ್ಮ ಕಡೆಯವರಿಗೆ ಆ ಘಳಿಗೆಯಲ್ಲಿ ನೆನಪಾಗುವುದು ಒಂದೇ: ಶಿವಗಂಗೆಯ ಒಳಕಲ್ಲು ತೀರ್ಥ. ಬೆಟ್ಟದ ಬಂಡೆಯಲ್ಲಿ ಒರಳಿನಂಥ ಒಂದು ರಂಧ್ರ. ಅದರೊಳಗೆ ಭುಜದವರೆಗೆ ಕೈಯಿಳಿಸಿದರೆ ಪುಣ್ಯವಂತರಿಗೆ ನೀರು ಸಿಕ್ಕುತ್ತದೆಂದು ನಂಬಿಕೆ. ಚಿಕ್ಕಂದಿನಲ್ಲಿ ತಂದೆಯವರ ಜೊತೆಗೆ ಹೋದಾಗ ನನ್ನ ತೋಳು ಗಿಡ್ಡವಾಗಿ ನೀರು ಸಿಕ್ಕದೆ ಅತ್ತಿದ್ದೆ. ‘ಪುಣ್ಯಕ್ಕಲ್ಲ, ತೋಳಿಗೆ ಮೂರಂಗುಲ ಕಡಮೆ’ ಎಂದು ಗಣಿತದ ಮೇಷ್ಟರು ಸಮಾಧಾನ ಹೇಳಿದ್ದರು. ಈಗ ನನ್ನ ಮನೆಯ ಗೋಡೆಯಲ್ಲಿ, ಬೇಡದ ಕಡೆ, ಧಾರಾಳವಾಗಿ ನೀರು ಸಿಕ್ಕಿತು.

ಮರುದಿನ ಆ ತೂತಿನಿಂದ ಎರಡು ಕಡೆಗೂ ಗಾರೆ ಕಿತ್ತಾಗ ರಹಸ್ಯ ಬಯಲಾಯಿತು. ಕೊಳವೆ ಇಳಿದೂ ಇರಲಿಲ್ಲ, ಅಡ್ಡ ಹೋಗಿಯೂ ಇರಲಿಲ್ಲ. ಮೇಲಿನ ಮೂಲೆಯಿಂದ ಕೆಳಗಿನ ನಲ್ಲಿಗೆ, ಇಡೀ ಗೋಡೆಯನ್ನು ಓರೆಯಾಗಿ ಸೀಳಿಕೊಂಡು, ಒಂದೇ ಗೆರೆಯಲ್ಲಿ ಹೋಗಿತ್ತು. ತರುಣರು ಇಂಥದನ್ನು ಹಿಂದೆ ಎಲ್ಲಿಯೂ ಕಂಡಿರಲಿಲ್ಲವಂತೆ. ‘ಯಾರು ಸ್ವಾಮಿ ಹೀಗೆ ಹಾಕಿಸಿದ್ದು?’ ಎಂದರು. ಆ ವೇಳೆಗೆ ನನಗೆ ಅರ್ಥವಾಗಿತ್ತು. ಆರಡಿ ಅಡ್ಡ, ನಾಲ್ಕಡಿ ಕೆಳಗೆ: ಒಟ್ಟು ಹತ್ತಡಿ ಕೊಳವೆ. ಓರೆಯಾಗಿ ಹೋದರೆ ಏಳೂಕಾಲು ಅಡಿಗೂ ಕಡಮೆ. ಎರಡೂಮುಕ್ಕಾಲು ಅಡಿ ಉಳಿತಾಯ! ಸಿಮೆಂಟಿಗೆ ಪರ್ಮಿಟ್ಟು ಬೇಕಾಗಿದ್ದ ಆ ಕಾಲದಲ್ಲಿ ಮೇಷ್ಟರೊಬ್ಬರು ಪೈಥಾಗೊರಸನನ್ನು ಬಚ್ಚಲುಮನೆಗೆ ಕರೆತಂದಿದ್ದರು. ತಾಯಿಯವರಿಗೆ ಹೇಳಿದಾಗ ಅವರು, ‘ಹೌದು, ಆಗ ಕರ್ಣ ಕರ್ಣ ಎನ್ನುತ್ತಿದ್ದರು, ನಾನು ಮಹಾಭಾರತದ ಕರ್ಣನೆಂದುಕೊಂಡಿದ್ದೆ’ ಎಂದರು.

ನನಗೆ ನಗು ಬಂದರೂ ಒಳಗೊಳಗೆ ಕೋಪವೂ ಬಂದಿತು. ಎರಡೂಮುಕ್ಕಾಲು ಅಡಿಯ ಕಬ್ಬಿಣವನ್ನು ಉಳಿಸಲು ಹೋಗಿ ಮುಂದಿನವರಿಗೆ ಒಂದು ಗೋಡೆಯನ್ನೇ ಒಡೆಯುವ ಕೆಲಸ ಬಿಟ್ಟುಹೋದರಲ್ಲ, ಬರೆದಿಡುವುದಾದರೂ ಬೇಡವೇ? ೨೦೦೩ರಲ್ಲಿ ತೀರಿಕೊಂಡ ತಂದೆಯವರನ್ನು ಇಪ್ಪತ್ತು ವರ್ಷಗಳ ಮೇಲೆ ಮೊದಲ ಬಾರಿಗೆ ಮನಸ್ಸಿನಲ್ಲಿಯೇ ಆಕ್ಷೇಪಿಸಿದೆ. ಆ ಆಕ್ಷೇಪಣೆ ಸುಮಾರು ಅರ್ಧ ಗಂಟೆ ಬಾಳಿತು.

ಅರ್ಧ ಗಂಟೆಯ ಮೇಲೆ ತರುಣರು ಗೋಡೆಯ ನಡುಮಧ್ಯದ ಗಾರೆಯನ್ನು ಕಿತ್ತರು. ಅಲ್ಲಿ, ಕಣ್ಣಿನ ಮಟ್ಟದಲ್ಲಿ, ಮುಖ ನೋಡುವ ಕನ್ನಡಿಯನ್ನು ತಗುಲಿಹಾಕಿದ್ದ ಒಂದು ಮೊಳೆ ಇದ್ದಿತು. ಮೊಳೆಯ ತುದಿ ನೇರವಾಗಿ ಕೊಳವೆಯ ಮೇಲೆ ಕುಳಿತಿತ್ತು. ಕೊಳವೆಯಲ್ಲಿ ಆ ಜಾಗದಲ್ಲಿಯೇ ಬೊಬ್ಬೆಯಂತೆ ತುಕ್ಕು ಉಬ್ಬಿ, ನಡುವೆ ಸೂಜಿಮೊನೆಯಷ್ಟು ತೂತು. ಅದರಿಂದ ಹನಿ ಹನಿಯಾಗಿ ಉಗ್ರಾಣದ ಅಕ್ಕಿಗೆ ನೀರು. ತರುಣರು ಮಾತನಾಡದೆ ಮೊಳೆಯನ್ನು ಕಿತ್ತು ನನ್ನ ಕೈಯಲ್ಲಿಟ್ಟರು.

ಆ ಮೊಳೆಯನ್ನು ೧೯೯೬ರಲ್ಲಿ ಹೊಡೆದವನು ನಾನು. ಹೊಡೆಯುವಾಗ ತಂದೆಯವರು ನಡುಮನೆಯಿಂದ, ಪತ್ರಿಕೆಯಿಂದ ತಲೆಯೆತ್ತದೆ, ‘ಅಲ್ಲಿ ಬೇಡ, ಸ್ವಲ್ಪ ಈಚೆಗೆ ಹೊಡೆ’ ಎಂದಿದ್ದರು. ಬೆಳಕು ಅಲ್ಲಿಯೇ ಚೆನ್ನಾಗಿದೆಯೆಂದು ನಾನು ಅಲ್ಲಿಯೇ ಹೊಡೆದೆ. ಏಕೆ ಬೇಡವೆಂದು ನಾನೂ ಕೇಳಲಿಲ್ಲ. ಅವರೂ ಎರಡನೆಯ ಸಲ ಹೇಳಲಿಲ್ಲ. ಮೂವತ್ತೈದು ವರ್ಷ ವಯಸ್ಸಾದ ಮಗನಿಗೆ ಎರಡನೆಯ ಸಲ ಹೇಳುವ ಪದ್ಧತಿ ಅವರಲ್ಲಿರಲಿಲ್ಲ. ಮೊಳೆ ಕೊಳವೆಯನ್ನು ಚುಚ್ಚಿರಲಿಲ್ಲ; ಅದರ ಮೈಮೇಲಿನ ಸತುವನ್ನು ಕೆರೆದಿತ್ತು, ಅಷ್ಟೆ. ಏಳು ವರ್ಷ ಅವರೂ, ಅನಂತರ ಇಪ್ಪತ್ತು ವರ್ಷ ನಾನೂ ಆ ಕನ್ನಡಿಯ ಮುಂದೆ ನಿಂತು ಮುಖಕ್ಷೌರ ಮಾಡಿಕೊಂಡೆವು.

ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಸೊರೆಲ್ ಎಂಬ ಫ್ರೆಂಚ್ ಎಂಜಿನಿಯರು ೧೮೩೭ರಲ್ಲಿ ಹಕ್ಕುಪತ್ರ ಪಡೆದರು. ಸತು ಬರಿಯ ಬಣ್ಣದಂತೆ ಕಬ್ಬಿಣವನ್ನು ಮುಚ್ಚುವುದಲ್ಲ. ಗಾಯವಾದಾಗ ಕಬ್ಬಿಣದ ಬದಲು ತಾನು ಕರಗುತ್ತದೆ. ಹಿರಿಯ ಮಗ ಸಾಲವನ್ನೆಲ್ಲ ತನ್ನ ಮೇಲೆ ಹಾಕಿಕೊಂಡಂತೆ. ಆದರೆ ಸುತ್ತಲಿನ ಸತು ಪೂರ್ತಿ ಕರಗಿಹೋದ ಮೇಲೆ ಕಬ್ಬಿಣಕ್ಕೆ ಗತಿಯಿಲ್ಲ. ಮೊಳೆಯ ಗುಂಟ ಇಳಿದ ಬಚ್ಚಲಿನ ಹಬೆಗೆ ಅಷ್ಟನ್ನು ಮುಗಿಸಲು ಇಪ್ಪತ್ತೇಳು ವರ್ಷ ಸಾಕಾಯಿತು.

ನಲ್ಲಿಯ ಧಾರೆ ಸಣ್ಣಗಾದ ತಪ್ಪನ್ನು ಮಾತ್ರ ನಾನು ಹೊರಬೇಕಾಗಿರಲಿಲ್ಲ. ಕೊಯ್ದ ಕೊಳವೆಯ ತುಂಡುಗಳನ್ನು ತರುಣರು ಹಿತ್ತಲಿನಲ್ಲಿ ಸಾಲಾಗಿ ನಿಲ್ಲಿಸಿದರು. ತಣ್ಣೀರಿನ ಕೊಳವೆಯ ಒಳಮೈ ಹುತ್ತದಂತೆ ಕಂದು ತುಕ್ಕಿನ ಗಂಟುಗಳಿಂದ ತುಂಬಿತ್ತು. ಗೀಸರಿನಿಂದ ಬರುವ ಬಿಸಿನೀರಿನ ಕೊಳವೆಯೊಳಗೆ ತುಕ್ಕಿಗಿಂತ ಹೆಚ್ಚಾಗಿ ಬಿಳಿಯ ಕಲ್ಲು. ನಡುವೆ ಪೆನ್ಸಿಲು ಹೋಗುವಷ್ಟು ದಾರಿ. ಕೊಳವೆಯ ಒಳವ್ಯಾಸ ಅರ್ಧಕ್ಕಿಳಿದರೆ ನೀರು ಅರ್ಧಕ್ಕಿಳಿಯುವುದೆಂದು ಯಾರಾದರೂ ಭಾವಿಸಬಹುದು, ಹಾಗಲ್ಲ. ದಾರಿಯ ವಿಸ್ತೀರ್ಣವೇ ಕಾಲು ಭಾಗಕ್ಕೆ ಇಳಿಯುತ್ತದೆ. ಗೋಡೆಗಳ ಘರ್ಷಣೆ ಸೇರಿ ನೀರು ಅದಕ್ಕಿಂತಲೂ ಬಹಳ ಕಡಮೆಯಾಗುತ್ತದೆ. ಅದರ ಮೇಲೆ ನಮ್ಮ ತೊಟ್ಟಿ ನಲ್ಲಿಗಿಂತ ಹತ್ತಡಿ ಎತ್ತರದಲ್ಲಿ ಮಾತ್ರ ಇದೆ. ಹತ್ತು ಮೀಟರು ಎತ್ತರದ ನೀರು ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಒತ್ತುತ್ತದೆ. ನಮ್ಮ ಮೂರು ಮೀಟರಿಗೆ ಮುನ್ನೂರು ಗ್ರಾಂ. ಅಷ್ಟು ಮೆಲ್ಲಗೆ ನೂಕುವ ನೀರು ಪೆನ್ಸಿಲಿನ ದಾರಿಯಲ್ಲಿ ಬಂದದ್ದೇ ಹೆಚ್ಚು.

ಆ ಬಿಳಿಯ ಕಲ್ಲು ಎಲ್ಲಿಂದ ಬಂದಿತು? ಸೇದುವ ಬಾವಿಯ ನೀರಿನಲ್ಲಿ ಬೇಳೆ ಚೆನ್ನಾಗಿ ಬೇಯುತ್ತಿತ್ತೆಂದು ತಾಯಿಯವರು ಈಗಲೂ ಹೇಳುತ್ತಾರೆ. ಕೊಳವೆಬಾವಿ ಬಂಡೆಯ ಬಿರುಕುಗಳೊಳಗೆ ಬಹುಕಾಲ ನಿಂತ ನೀರನ್ನು ಎತ್ತುತ್ತದೆ. ಅದರಲ್ಲಿ ಸುಣ್ಣದ, ಮೆಗ್ನೀಸಿಯಮ್ಮಿನ ಲವಣಗಳು ಹೆಚ್ಚು. ಕಾಯಿಸಿದಾಗ ಕರಗಿದ್ದ ಸುಣ್ಣ ಕಲ್ಲಾಗಿ ಕೊಳವೆಗೆ ಅಂಟಿಕೊಳ್ಳುತ್ತದೆ. ಹಂಡೆಯ ತಳದಲ್ಲಿ ಕಟ್ಟುತ್ತಿದ್ದ ಹಕ್ಕಳೆಯೂ ಅದೇ. ‘ಕೊಳವೆಗೂ ಹುಣಿಸೆಹಣ್ಣು ಹಾಕಬಾರದಿತ್ತೇ?’ ಎಂದರು ತಾಯಿಯವರು. ರಸಾಯನಶಾಸ್ತ್ರದ ದೃಷ್ಟಿಯಿಂದ ಆ ಮಾತಿನಲ್ಲಿ ತಪ್ಪಿಲ್ಲ. ಹುಳಿ ಸುಣ್ಣವನ್ನು ಕರಗಿಸುತ್ತದೆ. ಆದರೆ ಅದು ಸತುವನ್ನೂ ಬಿಡುವುದಿಲ್ಲ. ಒಟ್ಟಿನಲ್ಲಿ ಬಾವಿ ಬತ್ತಿದ ಕಥೆಯನ್ನು ಕೊಳವೆ ತನ್ನ ಒಡಲಲ್ಲಿ ಬರೆದುಕೊಂಡಿತ್ತು. ನಾವು ಕೊಯ್ದು ಓದಿದೆವು.

ಹೊಸ ಕೊಳವೆ ಯಾವುದಾಗಬೇಕೆಂಬ ಚರ್ಚೆ ಎರಡು ದಿನ ನಡೆಯಿತು. ಪ್ಲಾಸ್ಟಿಕ್ಕೆಂದರೆ ನನಗೆ ಅನುಮಾನ. ಸಾಮಾನ್ಯ ಪಿ.ವಿ.ಸಿ. ಕೊಳವೆ ತಣ್ಣೀರಿಗೆ ಸರಿಯೇ ಹೊರತು ಅರವತ್ತು ಡಿಗ್ರಿಯ ಬಿಸಿಗೆ ಮೆತ್ತಗಾಗುತ್ತದೆ. ಅದಕ್ಕೇ ಇನ್ನಷ್ಟು ಕ್ಲೋರಿನ್ ಸೇರಿಸಿ, ನೂರಕ್ಕೆ ೫೭ ಭಾಗವಿದ್ದುದನ್ನು ೬೩ಕ್ಕೂ ಮೇಲೇರಿಸಿದರೆ ಅದು ಸಿ.ಪಿ.ವಿ.ಸಿ.; ೯೩ ಡಿಗ್ರಿಯವರೆಗಿನ ಬಿಸಿನೀರನ್ನು ತಾಳುತ್ತದೆ. ತುಕ್ಕಿಲ್ಲ, ಒಳಮೈ ನುಣುಪಾದುದರಿಂದ ಸುಣ್ಣ ಬೇಗ ಹಿಡಿಯುವುದಿಲ್ಲ. ಪಿ.ವಿ.ಸಿ. ಕೊಳವೆಗಳ ತಯಾರಿಕೆಯಲ್ಲಿ ಸೀಸದ ಲವಣ ಬಳಸುವುದನ್ನು ಬಿಡಿಸಲು ೨೦೨೧ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆಯೆಂಬುದನ್ನು ಓದಿದ್ದೆ, ಅದನ್ನೂ ವಿಚಾರಿಸಿಕೊಂಡೆ. ಸೀಸಕ್ಕೂ ಕೊಳಾಯಿಗೂ ನಂಟು ಹಳೆಯದು. ಕೊಳಾಯಿಯ ಕೆಲಸಕ್ಕೆ ಇಂಗ್ಲಿಷಿನವರು ಹೇಳುವ ಶಬ್ದವೇ ಸೀಸದ ಲ್ಯಾಟಿನ್ ಹೆಸರಿನಿಂದ ಹುಟ್ಟಿದ್ದು. ರೋಮನರು ಸೀಸದ ಕೊಳವೆಗಳಲ್ಲಿಯೇ ನೀರು ತಂದವರು.

ಈ ಹೊಸ ಕೊಳವೆಗೆ ಮರೆ ಕೊರೆಯುವುದಿಲ್ಲ, ನಾರು ಸುತ್ತುವುದಿಲ್ಲ. ತುದಿಯನ್ನು ಒರಸಿ, ಒಂದು ಬಗೆಯ ಅಂಟು ಬಳಿದು, ಒಂದರೊಳಗೊಂದು ತೂರಿಸಿ, ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಹಿಡಿದುಕೊಂಡರೆ ಮುಗಿಯಿತು. ಅಂಟು ಎಂಬುದೂ ಸರಿಯಾದ ಮಾತಲ್ಲ. ಅದು ಎರಡು ಮೈಗಳನ್ನೂ ಕರಗಿಸಿ ಒಂದು ಮಾಡಿ ತಾನು ಆರಿಹೋಗುತ್ತದೆ. ಮುದುಕರು ವಾರ ಮಾಡಿದ ಕೆಲಸವನ್ನು ತರುಣರು ಒಂದೂವರೆ ದಿನದಲ್ಲಿ ಮುಗಿಸಿದರು. ನನಗೆ ಎಣ್ಣೆ ಹನಿಸುವ ಕೆಲಸವೂ ಉಳಿದಿರಲಿಲ್ಲ.

ನಾನು ಹಟ ಹಿಡಿದದ್ದು ಎರಡು ವಿಷಯಗಳಲ್ಲಿ. ಮೊದಲನೆಯದು, ಕೊಳವೆಗಳೆಲ್ಲ ನೆಟ್ಟಗೆ ಇಳಿಯಬೇಕು ಅಥವಾ ನೆಟ್ಟಗೆ ಅಡ್ಡ ಹೋಗಬೇಕು, ಕರ್ಣ ಕೂಡದು. ಎರಡನೆಯದು, ಪರೀಕ್ಷೆಯಾಗದೆ ಗೋಡೆ ಮುಚ್ಚಕೂಡದು. ಬಿಲ್ಲೆ ಹಾಸುವ ಗಾರೆಯವನು ಬಂದು ಕುಳಿತಿದ್ದ. ಒಂದು ದಿನ ಕಾಯಿಸಿದರೆ ಅವನು ಬೇರೆ ಮನೆಗೆ ಹೋಗುವನೆಂದು ಹೆದರಿಸಿದರು. ಹೋಗಲಿ ಎಂದೆ. ಕೈಪಂಪಿನಿಂದ ಕೊಳವೆಯೊಳಗೆ ನೀರು ತುಂಬಿ ಆರು ಕಿಲೋಗ್ರಾಂ ಒತ್ತಡ ಏರಿಸಿ, ಎಲ್ಲ ಬಾಯಿಗಳನ್ನೂ ಬಿಗಿದು ರಾತ್ರಿ ಬಿಟ್ಟೆವು. ಬೆಳಗ್ಗೆ ಎದ್ದು ನೋಡಿದರೆ ಮಾಪಕದ ಮುಳ್ಳು ಎರಡರಲ್ಲಿ ನಿಂತಿತ್ತು. ಹುಡುಕಿದಾಗ ಗೀಸರಿನ ಹಿಂದಿನ ಮೊಣಕೈಯೊಂದಕ್ಕೆ ಅಂಟನ್ನೇ ಬಳಿದಿರಲಿಲ್ಲ. ಒಣಗಿದ್ದ ಹಾಗೆಯೇ ತೂರಿಸಿದ್ದರು. ಅದು ತರುಣರು ಚಹಾಕ್ಕೆ ಎದ್ದುಹೋದ ಹೊತ್ತಿನ ಕೆಲಸ. ಅವರ ಮುಖ ಸಣ್ಣದಾಯಿತು. ನಾನು ಏನನ್ನೂ ಹೇಳಲಿಲ್ಲ. ಮೊಳೆ ನನ್ನ ಮೇಜಿನ ಮೇಲಿತ್ತು.

ಗೋಡೆ ಮುಚ್ಚುವ ಮೊದಲು ನನ್ನ ನೆನಪಿಗೆ ವಿಜಯಪುರ ಬಂದಿತು. ಅಧ್ಯಾಪಕನಾಗಿದ್ದಾಗ ಒಮ್ಮೆ ಮಕ್ಕಳ ಪ್ರವಾಸದೊಡನೆ ಅಲ್ಲಿಗೆ ಹೋಗಿದ್ದೆ. ಗೋಳಗುಮ್ಮಟವನ್ನು ಎಲ್ಲರೂ ನೋಡುತ್ತಾರೆ. ಊರಿನಲ್ಲಿ ಅಲ್ಲಲ್ಲಿ ನಿಂತಿರುವ ಗಂಜ್ ಎಂಬ ಕಲ್ಲಿನ ಗೋಪುರಗಳನ್ನು ಕೇಳುವವರಿಲ್ಲ. ಆದಿಲ್‌ಶಾಹಿಗಳು ತೊರವಿಯ ಕಡೆಯಿಂದಲೂ, ೧೬೫೧ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದಲೂ ನೆಲದಡಿಯಲ್ಲಿ ನೀರು ತಂದರು. ಗಾರೆಕಲ್ಲಿನ ನಡುವೆ ಹುಗಿದ ಸುಟ್ಟ ಮಣ್ಣಿನ ಕೊಳವೆಗಳ ದಾರಿಯಲ್ಲಿ ಈ ಗೋಪುರಗಳನ್ನು ನಿಲ್ಲಿಸಿದರು. ನೀರು ಗೋಪುರದೊಳಗೆ ಏರಿ ತನ್ನ ಒತ್ತಡವನ್ನು ಇಳಿಸಿಕೊಳ್ಳುತ್ತಿತ್ತು. ಹೂಳು ತಳದಲ್ಲಿ ನಿಲ್ಲುತ್ತಿತ್ತು. ಮಣ್ಣಿನ ಕೊಳವೆ ಒಡೆಯದಿರಲು ಅದು ಉಪಾಯ. ನನಗೆ ಮಾತ್ರ ಅದರ ಇನ್ನೊಂದು ಗುಣ ದೊಡ್ಡದಾಗಿ ಕಂಡಿತು: ನೆಲದೊಳಗೆ ನೀರು ಎಲ್ಲಿ ಹೋಗಿದೆಯೆಂದು ನೆಲದ ಮೇಲೆ ನಿಂತವರಿಗೆ ತಿಳಿಯುತ್ತಿತ್ತು. ಆ ಕೊಳವೆಗಳು ಹಾಳಾದ ಮೇಲೂ ಗೋಪುರಗಳು ನಿಂತು, ಇಲ್ಲಿ ದಾರಿಯಿತ್ತು ಎಂದು ಹೇಳುತ್ತಿವೆ.

ಬಚ್ಚಲುಮನೆಯಲ್ಲಿ ಗೋಪುರ ಕಟ್ಟಲಾಗುವುದಿಲ್ಲ. ನಾನು ಅಳತೆಯ ಪಟ್ಟಿಯನ್ನು ಹಿಡಿದು ಕುಳಿತೆ. ಪ್ರತಿಯೊಂದು ಕೊಳವೆಯೂ ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು, ಗೋಡೆಯೊಳಗೆ ಎಷ್ಟು ಆಳದಲ್ಲಿ, ತಿರುವು ಎಲ್ಲಿ, ಕೂಡುವುದೆಲ್ಲಿ, ಎಲ್ಲವನ್ನೂ ಅಳೆದು ಲೆಕ್ಕದ ಚೌಕುಳಿ ಕಾಗದದ ಮೇಲೆ ತಣ್ಣೀರಿಗೆ ನೀಲಿ, ಬಿಸಿನೀರಿಗೆ ಕೆಂಪು ಶಾಯಿಯಲ್ಲಿ ನಕ್ಷೆ ಬರೆದೆ. ತಾಯಿಯವರ ಹಿಡಿಕಂಬಿಗಾಗಿ ಗೋಡೆಗೆ ನಾಲ್ಕು ಅಂಗುಲದ ತಿರುಪುಗಳನ್ನು ಇಳಿಸಬೇಕಾಗಿತ್ತು. ಅವು ಎಲ್ಲಿ ಇಳಿಯಬಹುದೆಂಬುದನ್ನು ನಕ್ಷೆಯನ್ನು ನೋಡಿಯೇ ಗುರುತು ಮಾಡಿದೆವು. ಮೊಮ್ಮಗಳು, ‘ಫೋಟೋ ತೆಗೆದರೆ ಆಯಿತಲ್ಲ ತಾತ’ ಎಂದು ತನ್ನ ಫೋನಿನಲ್ಲಿ ಇಪ್ಪತ್ತು ಚಿತ್ರ ತೆಗೆದಳು. ತೆಗೆಯಲಿ, ಫೋನಿನ ಚಿತ್ರ ಫೋನಿನೊಡನೆ ಹೋಗುತ್ತದೆ. ನಕ್ಷೆಯನ್ನು ಮನೆಯ ಕ್ರಯಪತ್ರದ ಜೊತೆಗೆ ಬೀರುವಿನಲ್ಲಿಟ್ಟೆ.

ಮಿಕ್ಕ ಕೆಲಸಗಳನ್ನು ಹೇಳಿ ಓದುಗರಿಗೆ ಬೇಸರ ತರಿಸುವುದಿಲ್ಲ. ಹಳೆಯ ತೂಬಿನ ಜಾಗಕ್ಕೆ ನೀರು ನಿಲ್ಲುವ ಬಾಗು ಬಂದಿತು. ಆ ಬಾಗಿನಲ್ಲಿ ನಿಂತ ಎರಡಂಗುಲ ನೀರೇ ಬಾಗಿಲಾಗಿ ಮೋರಿಯ ವಾಸನೆಯನ್ನೂ ಜಿರಲೆಯನ್ನೂ ತಡೆಯುತ್ತದೆ; ೧೭೭೫ರಲ್ಲಿ ಲಂಡನ್ನಿನ ಗಡಿಯಾರದ ಕುಶಲಿ ಅಲೆಕ್ಸಾಂಡರ್ ಕಮ್ಮಿಂಗ್ ತನ್ನ ಶೌಚಾಲಯದ ಹಕ್ಕುಪತ್ರದಲ್ಲಿ ತೋರಿಸಿದ ಈ ಉಪಾಯವನ್ನು ಇನ್ನೂ ಯಾರೂ ಮೀರಿಸಿಲ್ಲ. ತಾರಸಿಯ ಮೇಲೆ ಸೂರ್ಯನ ಶಾಖದ ಒಲೆ ಬಂದಿತು. ಅದರಿಂದ ನಲ್ಲಿಗೆ ನಲವತ್ತಡಿ ಮುಕ್ಕಾಲಂಗುಲದ ಕೊಳವೆ. ಬೆಳಗ್ಗೆ ನಲ್ಲಿ ತಿರುಗಿಸಿದರೆ ಬಿಸಿನೀರು ಬರುವ ಮೊದಲು ಕೊಳವೆಯಲ್ಲಿದ್ದ ತಣ್ಣೀರು ಸುಮಾರು ಮೂರು ಲೀಟರು ಹೋಗಬೇಕು. ನಾನು ಲೆಕ್ಕ ಹಾಕಿ ಹೇಳುವ ಮುಂಚೆಯೇ ತಾಯಿಯವರು ಅದಕ್ಕೊಂದು ಬಕೀಟು ಇಟ್ಟಿದ್ದರು. ಆ ನೀರು ತುಳಸಿಗೆ ಹೋಗುತ್ತದೆ.

ಹಂಡೆ ತನ್ನ ಮೂಲೆಯಲ್ಲಿಯೇ ಉಳಿಯಿತು. ಒಲೆಯಿಲ್ಲ, ಬಿಲ್ಲೆ ಹಾಸಿದ ಒಂದಡಿಯ ಕಟ್ಟೆ, ಅದರ ಮೇಲೆ ಹಂಡೆ, ಹಂಡೆಯ ನೆತ್ತಿಗೆ ಅದರದೇ ಆದ ಒಂದು ಹಿತ್ತಾಳೆಯ ನಲ್ಲಿ. ಕರೆಂಟು ಹೋಗಿ ತೊಟ್ಟಿ ಬರಿದಾದರೆ ಬೇಕಾಗುತ್ತದೆ ಎಂದು ನಾನು ತರುಣರಿಗೆ ಕಾರಣ ಹೇಳಿದೆ. ಅವರು ಹಂಡೆಯನ್ನೂ ತಾಯಿಯವರನ್ನೂ ನೋಡಿ, ಕಾರಣ ಕೇಳಲಿಲ್ಲವಲ್ಲ ಎಂಬಂತೆ ನಕ್ಕರು.

ಆ ವರ್ಷ ನವೆಂಬರ್ ೧೧ರ ಸಂಜೆ ನೀರು ತುಂಬುವ ಹಬ್ಬ. ತಾಯಿಯವರು ಹಿಡಿಕಂಬಿಯನ್ನು ಹಿಡಿದು ನಿಂತು, ಹಂಡೆಗೆ ಪಟ್ಟೆ ಎಳೆದರು. ಆಮೇಲೆ ಹೊಸ ನಲ್ಲಿಗೂ ಅರಿಸಿನ ಕುಂಕುಮ ಹಚ್ಚಿದರು. ಅದಕ್ಕೂ ಹಬ್ಬವಲ್ಲವೇ ಎಂದರು. ನಲ್ಲಿ ತಿರುಗಿಸಿದೆ. ಬಾಳೆಯ ದಿಂಡಿನಷ್ಟಲ್ಲದಿದ್ದರೂ ಹೆಬ್ಬೆರಳಿನಷ್ಟು ದಪ್ಪದ ಧಾರೆ ಸದ್ದು ಮಾಡುತ್ತ ಹಂಡೆಯೊಳಗೆ ಬಿದ್ದಿತು. ಶಬ್ದ ಬದಲಾಗುತ್ತ ಬದಲಾಗುತ್ತ ಹಂಡೆ ಕಂಠದವರೆಗೆ ತುಂಬಿತು. ಮೊಮ್ಮಗಳು ಹಿಂಡಲಕಾಯಿಯ ಬಳ್ಳಿಯನ್ನು ತಂದಳು. ಬಳ್ಳಿ ಉದ್ದವಾಗಿತ್ತು, ಹಂಡೆಗೆ ಸುತ್ತಿಯೂ ಒಂದು ಮಾರು ಮಿಕ್ಕಿತು.

‘ಅದನ್ನು ಮೇಲೆ ಗೋಡೆಗೆ ತೋರಣ ಕಟ್ಟು. ಇಲ್ಲೊಂದು ಮ���ಳೆ ಹೊಡಿ’ ಎಂದು ತಾಯಿಯವರು ಹೊಳೆಯುವ ಬಿಲ್ಲೆಗಳ ಮೇಲೆ ಒಂದು ಜಾಗವನ್ನು ಬೆರಳಿನಿಂದ ತೋರಿಸಿದರು.

ಮೊಮ್ಮಗಳು ಸುತ್ತಿಗೆ ತರಲು ಓಡಿದಳು. ನಾನು ನಕ್ಷೆ ತರಲು ಬೀರುವಿನ ಕಡೆಗೆ ಹೋದೆ.